ಎಕ್ಸೆಂಟ್ರಿಕ್ ಅನ್ನಿಸಿಕೊಳ್ಳುವ ಯೋಗ್ಯತೆ

ಒಬ್ಬರನ್ನು ಕನ್ನಡದಲ್ಲಿ ಹುಚ್ಚರೆಂದರೆ ಜಗಳವಾಗುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಅಂದರೆ ಮಾತು ಕಾಫಿಯವರೆಗೂ ಮುಂದುವರಿಯುತ್ತದೆ. ಚಾಮರಾಜಪೇಟೆಯಲ್ಲಿ ಬಹಳ ವರ್ಷ ಬಾಡಿಗೆಗಿದ್ದು ನಾನು ಕಂಡುಕೊಂಡ ಸತ್ಯ ಇದು. ತಿಕ್ಕಲು, ಮರುಳು, ಅರೆಹುಚ್ಚು ಎಂಬ ನಮ್ಮ ಪದಗಳು ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ರೀತಿ ಚುಚ್ಚುತ್ತವೆ. ಇಂಗ್ಲಿಷಿನವು ಹಾಗಲ್ಲ, ಸಂಬಳ ನೋಡಿಕೊಂಡು ಬರುತ್ತವೆ. ಕರೆದ ಕಡೆಗೆ ಮರುಮಾತಿಲ್ಲದೆ ಬರುವ ಆಟೋದವನು 'ಲೂಸು'. ತನ್ನಷ್ಟಕ್ಕೆ ಮಾತಾಡಿಕೊಂಡು ಬಟ್ಟೆ ಹೊಲಿಯುವ ಟೈಲರು 'ಕ್ರ್ಯಾಕು'. ಆಫೀಸಿನ ಗುಮಾಸ್ತರು ಹಾಗೆ ಮಾತಾಡಿಕೊಂಡರೆ 'ಮೆಂಟ್ಲು', ಅವರ ಮ್ಯಾನೇಜರು ಮಾತಾಡಿಕೊಂಡರೆ 'ಮೂಡಿ', ಪ್ರೊಫೆಸರಾದರೆ 'ಆಬ್ಸೆಂಟ್ ಮೈಂಡೆಡ್'. ಎಲ್ಲಕ್ಕಿಂತ ಮೇಲಿನ ಪದವಿ 'ಎಕ್ಸೆಂಟ್ರಿಕ್'. ಸ್ವಂತ ಮನೆಯಿಲ್ಲದವರಿಗೆ ಅದನ್ನು ಕೊಡುವ ಪದ್ಧತಿಯೇ ಇಲ್ಲ. ಎಂ.ಎ. ಮಾಡಿದವಳೆಂಬ ಧೈರ್ಯದ ಮೇಲೆ ಈ ಸಿದ್ಧಾಂತವನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ನಮ್ಮ ಮನೆಯ ಓನರ್ ಶ್ರೀಕಂಠಯ್ಯನವರಂತೂ ಇದನ್ನು ಎಷ್ಟೋ ಸಲ ಕೇಳಿ ನಕ್ಕಿದ್ದರು.

ಶ್ರೀಕಂಠಯ್ಯನವರದು ಕೆಳಗಿನ ಮನೆ, ನಮ್ಮದು ಮಹಡಿ. ಅಂಗಳದಲ್ಲಿ ಒಂದು ತೆಂಗಿನಮರ, ಅದರ ಬುಡದಲ್ಲಿ ಒಂದು ಕಲ್ಲುಬೆಂಚು. ಬೆಳಿಗ್ಗೆ ಅವರು ಅಲ್ಲಿ ಕೂತು ಪೇಪರ್ ಓದುವಾಗ ತಲೆಯ ಮೇಲೆ ಹೆಲ್ಮೆಟ್ಟು ಇರುತ್ತಿತ್ತು. ಓದಿ ಮುಗಿದ ಮೇಲೆ ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಸ್ಕೂಟರಿನ ಕಿಕ್ ಒದ್ದು, ಬರಿದಲೆಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಇದು ತೊಂಬತ್ತರ ದಶಕದ ಮಾತು. ರಸ್ತೆಯಲ್ಲಿ ಯಾರೂ ಅವರನ್ನು ತಡೆಯುತ್ತಿರಲಿಲ್ಲ. ಏನಿದು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಸ್ಕೂಟರ್ ನನ್ ಕೈಲಿದೆ ಕಣಮ್ಮಾ. ತೆಂಗಿನಕಾಯಿ ನನ್ ಕೈಲಿದೆಯಾ?" ಎಂದರು.

ನನಗೆ ಡೈರಿ ಬರೆಯುವ ಅಭ್ಯಾಸ. ಆದರೆ ನೆನಪನ್ನು ನಾನು ನಂಬುವುದಿಲ್ಲ. ಅದು ತನಗೆ ಬೇಕಾದಂತೆ ಕಥೆ ಕಟ್ಟುತ್ತದೆ. ಆದ್ದರಿಂದ ನಿನ್ನೆಯ ಮಳೆ ಮಧ್ಯಾಹ್ನ ಬಂತೋ ಸಂಜೆಯೋ, ಮೊನ್ನೆ ನಾವು ಅವರಿಗೆ ಕೊಟ್ಟದ್ದು ಹುಳಿಯೋ ಗೊಜ್ಜೋ ಎಂದು ಕೆಳಗಿಳಿದು, ಕೇಳಿ, ಖಾತ್ರಿ ಮಾಡಿಕೊಂಡೇ ಬರೆಯುತ್ತಿದ್ದೆ. ಓದಿದವರು ಹೀಗಲ್ಲದೆ ಇನ್ನು ಹೇಗೆ ಬರೆಯಬೇಕು?

ಓನರ್ ಮಗಳು ಸುಮಾ ಒಂದು ದಿನ ಮಹಡಿಗೆ ಬಂದು, ದನಿ ತಗ್ಗಿಸಿ ಹೇಳಿದಳು: "ಅಕ್ಕಾ, ಈ ಸಲ ಹುಡುಗ ನಂಗೆ ತುಂಬಾ ಇಷ್ಟ ಆಗಿದಾನೆ. ಅವ್ರ ಕಡೆಯೋರು ವಿಚಾರಿಸೋಕೆ ಬರ್ತಾರೆ. ಹೋದ ಸಲ ಎದುರುಮನೆಯೋರು ಅಪ್ಪನ್ನ ಲೂಸು ಅಂದ್ಬಿಟ್ರು, ಸಂಬಂಧಾನೇ ಮುರಿದೋಯ್ತು. ನೀವು ಓದಿರೋರು. ಸ್ವಲ್ಪ ನೋಡ್ಕೊಂಡು ಹೇಳಿ." ನಾನು ಅವಳ ಬೆನ್ನು ತಟ್ಟಿ, ಇಂಗ್ಲಿಷು ಇರುವುದೇ ಇಂಥ ಸಮಯಕ್ಕೆ ಎಂದು ಧೈರ್ಯ ತುಂಬಿ ಕಳಿಸಿದೆ.

ಅದೇ ವಾರ ಸಫಾರಿ ಸೂಟಿನ ಹಿರಿಯರೊಬ್ಬರು ಬಂದು, "ಇಲ್ಲಿ ಬಾಡಿಗೆಗೆ ಮನೆ ಖಾಲಿ ಇದೆಯಂತಲ್ಲ?" ಎಂದರು. ನಮ್ಮ ಕಡೆ ಮನೆ ಹುಡುಕುವವರು ಮೊದಲು ಕೇಳುವುದು ನೀರಿನ ವಿಷಯ. ನೀರಿನ ಸುದ್ದಿಯೆತ್ತದೆ ನೇರ ಓನರ್ ವಿಚಾರಕ್ಕೆ ಬಂದರೆ ಅವರು ಗಂಡಿನ ಕಡೆಯವರು. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೂ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ನಾನು ಕಾಫಿ ಕೊಟ್ಟೆ. ಅವರು ಒಂದು ಗುಟುಕು ಕುಡಿದು, "ಓನರ್ ಹೇಗೆ ಜನ?" ಎಂದರು.

"ಚಿನ್ನದಂಥ ಮನುಷ್ಯ," ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೆಲ್ಮೆಟ್ಟು ನಾಳೆ ಇವರ ಕಣ್ಣಿಗೆ ಬಿದ್ದೇ ಬೀಳುತ್ತದೆ, ಈಗಲೇ ಅದಕ್ಕೊಂದು ಗೌರವದ ಹೊದಿಕೆ ಹೊದಿಸಿಡೋಣ ಎನ್ನಿಸಿತು. "ಸ್ವಲ್ಪ ಎಕ್ಸೆಂಟ್ರಿಕ್," ಎಂದೆ.

ಅವರ ಲೋಟ ಗಾಳಿಯಲ್ಲೇ ನಿಂತಿತು. "ಅಂದ್ರೆ... ಟ್ರೀಟ್‌ಮೆಂಟ್ ನಡೀತಾ ಇದೆಯಾ?"

"ಅಯ್ಯೋ, ಅಂಥದ್ದೇನಿಲ್ಲ. ವಿಮ್ಸಿಕಲ್ ಅಂತಾರಲ್ಲ, ಹಾಗೆ."

"ಮಾತ್ರೆ ತಗೊಳ್ತಾರಾ?"

"ಕ್ರ್ಯಾಕ್ ಅಲ್ಲ ಸಾರ್, ಮೆಂಟಲ್ ಅಂತೂ ಅಲ್ಲವೇ ಅಲ್ಲ," ಎಂದು ನಾನು ಒಂದೊಂದೇ ಪದ ತೆಗೆದು ತಳ್ಳಿಹಾಕಿದೆ. ತಳ್ಳಿದ್ದೆಲ್ಲ ನೇರವಾಗಿ ಅವರ ಮನಸ್ಸಿನೊಳಗೆ ಹೋಗಿ ಕೂರುತ್ತಿತ್ತು. ಅವರು ಕಾಫಿ ಅರ್ಧಕ್ಕೇ ಬಿಟ್ಟು, ಬಾಡಿಗೆ ಎಷ್ಟೆಂದೂ ಕೇಳದೆ ಮೆಟ್ಟಿಲಿಳಿದು ಹೋದರು.

ಸುಮಾಗೆ ನಾನೇ ಹೇಳಿದೆ. "ಎಕ್ಸೆಂಟ್ರಿಕ್ಕಾ?" ಎಂದವಳ ಕಣ್ಣು ತುಂಬಿ ಬಂತು. "ಲೂಸು ಅಂದಿದ್ರೇ ವಾಸಿಯಿತ್ತು ಅಕ್ಕಾ. ಎಷ್ಟು ಲೂಸು ಅಂತ ಜನಕ್ಕೆ ಒಂದು ಅಂದಾಜಾದ್ರೂ ಇರುತ್ತೆ." ಗಂಡಿನ ಕಡೆಯಿಂದ ಎಷ್ಟು ದಿನ ಕಾದರೂ ಸುದ್ದಿಯಿಲ್ಲ. ಕೆಳಗಿಳಿಯಲು ನನಗೆ ಮುಖವಿರಲಿಲ್ಲ. ಆ ದಿನಗಳ ನನ್ನ ಡೈರಿಯಲ್ಲಿ ಮಳೆಬಿಸಿಲಿನ ಸುದ್ದಿಯೇ ಇಲ್ಲ.

ಕೊನೆಗೊಂದು ಸಂಜೆ ಸುಮಾ ಎರಡೆರಡು ಮೆಟ್ಟಿಲು ಹತ್ತಿ ಬಂದು, "ಒಪ್ಕೊಂಡ್ರಂತೆ ಅಕ್ಕಾ!" ಎಂದಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಭಾರ ಇಳಿದಲ್ಲಿಗೆ ತಡಮಾಡದೆ ಜಂಬ ಬಂದು ಕೂತಿತು. ಆ ಹಿರಿಯರು ಮನೆಗೆ ಹೋಗಿ ಯಾರನ್ನೋ ಕೇಳಿ, ಪದದ ತೂಕ ತಿಳಿದುಕೊಂಡಿರಬೇಕು ಎಂದುಕೊಂಡೆ. ಮದುವೆಯ ದಿನ ಛತ್ರದಲ್ಲಿ ಅದೇ ಹಿರಿಯರು ನನ್ನನ್ನು ನೋಡಿ ತಾವೇ ಹತ್ತಿರ ಬಂದರು. ಹುಡುಗನ ಸೋದರಮಾವನಂತೆ. "ಊಟ... ಆಯ್ತಾ... ಅಮ್ಮಾ? ನಿಧಾನವಾಗಿ... ಮಾಡಿ," ಎಂದು ಒಂದೊಂದೇ ಮಾತು ಬಿಡಿಸಿ, ಪುಟ್ಟ ಮಗುವಿಗೆ ಹೇಳುವಂತೆ ಹೇಳಿ, ನನ್ನ ಕೈಗೆ ಇನ್ನೊಂದು ತಾಂಬೂಲದ ಚೀಲವಿಟ್ಟರು. ಎಂಥ ಸಂಸ್ಕಾರವಂತರು ಎಂದು ಮನೆಯವರಿಗೆ ಹೇಳಿದೆ.

ನಿಜ ತಿಳಿದದ್ದು ಸುಮಾ ತವರಿಗೆ ಬಂದಾಗ. ಅವಳು ನಗುವಿನ ನಡುವೆ ಹೇಳಿದ್ದಿಷ್ಟು. ಅವತ್ತು ನಮ್ಮ ಮನೆಯಿಂದ ಇಳಿದುಹೋದ ಸೋದರಮಾವನಿಗೆ ಗೇಟಿನಲ್ಲಿ ಶ್ರೀಕಂಠಯ್ಯನವರೇ ಎದುರಾಗಿದ್ದರು. ಮಾರ್ಕೆಟ್ಟಿನಿಂದ ಬರುತ್ತಿದ್ದರು. ಸ್ಕೂಟರಿನ ಮೇಲೆ, ಅಂದರೆ ಬರಿದಲೆಯಲ್ಲಿ, ನೀಟಾಗಿ ತಲೆ ಬಾಚಿಕೊಂಡು, ಮುಂದೆ ಸೊಪ್ಪಿನ ಚೀಲ ತೂಗುಹಾಕಿಕೊಂಡು. ಇಷ್ಟು ಸರಿಯಾದ ಮನುಷ್ಯನನ್ನು ಕಂಡು ಅವರಿಗೆ ತಬ್ಬಿಬ್ಬಾಯಿತಂತೆ. "ನಿಮ್ಮ ಮಹಡಿ ಮನೆಯೋರು ಏನೇನೋ ಹೇಳಿದ್ರಲ್ಲ ಸಾರ್?" ಎಂದಿದ್ದಾರೆ. ಅದಕ್ಕೆ ಶ್ರೀಕಂಠಯ್ಯನವರು, "ಪಾಪ, ತುಂಬಾ ಒಳ್ಳೆ ಹೆಣ್ಮಗಳು. ನಿನ್ನೆ ಮಳೆ ಬಂತಾ ಅಂತ ಇವತ್ತು ಬಂದು ಕೇಳ್ತಾಳೆ. ತಾನು ಮಾಡಿದ ಅಡುಗೆ ಏನು ಅಂತ ನಮ್ಮನೇಲಿ ವಿಚಾರಿಸ್ತಾಳೆ. ಸ್ವಲ್ಪ ಲೂಸು. ನೀವೇನೂ ಮನಸ್ಸಿಗೆ ಹಚ್ಕೋಬೇಡಿ," ಎಂದರಂತೆ.

ನಾನು ನೇರ ಅಂಗಳಕ್ಕೆ ಹೋದೆ. ಅವರು ಮರದ ಕೆಳಗೆ ಕೂತಿದ್ದರು. "ಏನ್ ಸಾರ್, ನನ್ನನ್ನ ಲೂಸು ಅಂದ್ರಂತೆ?"

ಅವರು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ನನ್ನನ್ನು ನೋಡಿದರು. "ಮದುವೆ ನಡೀತಲ್ಲಮ್ಮಾ."

"ನಡೀತು, ಸಂತೋಷ. ಆದ್ರೆ ನಾನು ಎಂ.ಎ. ಮಾಡಿದೀನಿ. ಎಕ್ಸೆಂಟ್ರಿಕ್ ಅನ್ನಬಹುದಿತ್ತು."

"ಬಾಡಿಗೆಗಿರೋರಿಗೆ ಅಷ್ಟು ದೊಡ್ಡ ಪದ ಹೇಗಮ್ಮಾ ಕೊಡೋದು? ನೀನೇ ಹೇಳಿದ್ದಲ್ವಾ? ಒಂದು ಸ್ವಂತ ಮನೆ ಮಾಡ್ಕೊ, ಆಮೇಲೆ ನೋಡೋಣ," ಎಂದು ಗಾಜು ಇಳಿಸಿ ಪೇಪರಿನೊಳಗೆ ಮುಳುಗಿದರು.

ಮೇಲೆ ಬಂದು ಡೈರಿ ತೆಗೆದು ಎಲ್ಲವನ್ನೂ ಬರೆಯತೊಡಗಿದೆ. ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು. 'ಮನೆ ಮಾಡ್ಕೊ' ಅಂದರೋ, 'ಮನೆ ಕಟ್ಕೊ' ಅಂದರೋ? ಸ್ವಲ್ಪ ಹೊತ್ತು ತಡೆದು ನೋಡಿದೆ. ಆಗಲಿಲ್ಲ. ಕೇಳಿಕೊಂಡು ಬರೋಣವೆಂದು ಚಪ್ಪಲಿ ಮೆಟ್ಟಿ ಮತ್ತೆ ಕೆಳಗಿಳಿದೆ.