ಬೀಸುಕಲ್ಲಿಗೆ ಬೇಡದ ಕರೆಂಟು

ಪರರ ಭಾಗ್ಯ ಕಂಡು ಹೊಟ್ಟೆಕಿಚ್ಚು ಪಡಬಾರದೆಂದು ತರಗತಿಯಲ್ಲಿ ನಾನೂ ಬೋಧಿಸಿದ್ದೇನೆ. ಕಾರು, ಬಂಗಲೆ ಕಂಡು ನನ್ನ ಹೊಟ್ಟೆ ಉರಿದದ್ದೂ ಇಲ್ಲ. ಉರಿದದ್ದು ಸೆಲ್ಲುಗಳನ್ನು ಕಂಡು. ಟಾರ್ಚಿಗೆ ಹಾಕುತ್ತಾರಲ್ಲ, ಅಂಥ ದಪ್ಪ ಸೆಲ್ಲುಗಳು. ತೊಂಬತ್ತರ ದಶಕದ ಮೊದಮೊದಲಲ್ಲಿ ಅವು ನನ್ನ ಸಹೋದ್ಯೋಗಿ ನಂಜುಂಡೇಗೌಡನ ಟೇಪ್ ರೆಕಾರ್ಡರಿನಲ್ಲಿದ್ದವು.

ಪಾಂಡವಪುರದ ಕಾಲೇಜೊಂದರಲ್ಲಿ ಇಬ್ಬರೂ ಕನ್ನಡ ಮೇಷ್ಟ್ರುಗಳು. ಭಾನುವಾರ ಬಂತೆಂದರೆ ಹಳ್ಳಿ ತಿರುಗಿ ಜನಪದ ಗೀತೆ ಹಿಡಿಯುವ ಹುಚ್ಚು ಇಬ್ಬರಿಗೂ. ಅವನದು ಹೆಗಲಿಗೆ ನೇತುಹಾಕುವ ಯಂತ್ರ. ಗದ್ದೆಯ ಬದುವಿನ ಮೇಲೂ ಗುಂಡಿ ಒತ್ತಿಬಿಡುತ್ತಿದ್ದ. ನನ್ನದಕ್ಕೂ ಸೆಲ್ಲಿನ ಜಾಗವಿತ್ತು. ಆದರೆ ಹಳೆಯ ಸೆಲ್ಲುಗಳನ್ನು ಮಳೆಗಾಲವಿಡೀ ಒಳಗೇ ಬಿಟ್ಟೆ. ಅವು ರಸ ಸೋರಿ ಸ್ಪ್ರಿಂಗುಗಳನ್ನೆಲ್ಲ ತಿಂದುಹಾಕಿದವು. "ಬಿಸಿಲಿಗಿಟ್ರೆ ಸೆಲ್ಲಿಗೆ ಜೀವ ಬರುತ್ತೆ ಅಂತೀರಲ್ಲ, ರೆಕಾರ್ಡರನ್ನೇ ಒಣಗಿಹಾಕಿ" ಎಂದು ಹೆಂಡತಿ ಹಪ್ಪಳದ ಪಕ್ಕ ಜಾಗ ತೋರಿಸಿದಳು. ಅಂದಿನಿಂದ ನನ್ನದು ಗೂಟಕ್ಕೆ ಕಟ್ಟಿದ ಎಮ್ಮೆ. ವೈರು ಎಷ್ಟುದ್ದವೋ ನನ್ನ ಸಂಶೋಧನೆಯೂ ಅಷ್ಟೇ ಉದ್ದ.

ಶೀಳನೆರೆ ಕಡೆಯ ಪುಟ್ಟಮ್ಮನಿಗೆ ಬೇರೆಲ್ಲೂ ಸಿಗದ ಬೀಸುವ ಪದವೊಂದು ಬರುತ್ತದೆಂಬ ಸುದ್ದಿ ಇಬ್ಬರ ಕಿವಿಗೂ ಬಿತ್ತು. ಅದನ್ನು ಮೊದಲು ನಾನೇ ಹಿಡಿಯಬೇಕೆಂದು ನಂಜುಂಡೇಗೌಡನಿಗೆ ಹೇಳದೆ ಬಸ್ಸು ಹತ್ತಿದೆ. ಪುಣ್ಯಕ್ಕೆ ಅಲ್ಲಿ ಕರೆಂಟಿತ್ತು. ಪ್ಲಗ್ಗು ಸಿಕ್ಕಿಸಿ, "ಹಾಡಿ ಅಮ್ಮ" ಎಂದೆ. ಆಕೆ ರಾಗಿಯ ಕುಕ್ಕೆಯನ್ನು ಸೊಂಟಕ್ಕೇರಿಸಿ ಹೊರಟೇಬಿಟ್ಟಳು.

"ಕರೆಂಟದೆ, ಮಿಲ್ಗೆ ಓಯ್ತಾ ಇವ್ನಿ ಕಣಪ್ಪ. ಕರೆಂಟು ಇಲ್ದಾಗ ಬಾ, ಬೀಸ್ಕೊಂಡು ಆಡ್ತೀನಿ."

"ಬೀಸದೆ ಹಾಡಿಬಿಡಿ."

"ಕಲ್ಲು ತಿರುಗ್ದೆ ಪದ ಎಂಗ್ ಬಂದದಪ್ಪಾ?"

ನನ್ನ ಹಣೆಬರಹ ನೋಡಿ. ಕರೆಂಟಿದ್ದರೆ ಪುಟ್ಟಮ್ಮ ಬೀಸುವುದಿಲ್ಲ, ಆಕೆ ಬೀಸುವಾಗ ನನ್ನ ಯಂತ್ರಕ್ಕೆ ಉಸಿರಿಲ್ಲ.

ಆಕೆ ಬೀದಿ ದಾಟುವಷ್ಟರಲ್ಲಿ ಕರೆಂಟು ಹೋಯಿತು. ಗೊಣಗುತ್ತ ಹಿಂದಿರುಗಿ ಬೀಸುಕಲ್ಲಿನ ಮುಂದೆ ಕೂತಳು. ಅದೇ ಹೊತ್ತಿಗೆ ಬಾಗಿಲಲ್ಲಿ ನಂಜುಂಡೇಗೌಡ! ನನಗೆ ಹೇಳದೆ ಮುಂದಿನ ಬಸ್ಸಿಗೆ ಬಂದಿದ್ದ, ಕಳ್ಳ. "ಏನಯ್ಯ, ನೀನೂ ಬಂದ್ಬುಟ್ಟಿದ್ದೀಯಾ?" ಎಂದು ನಕ್ಕು ಮೈಕನ್ನು ಕಲ್ಲಿನ ಪಕ್ಕ ಇಟ್ಟ. ಕಲ್ಲು ತಿರುಗಿತು, ಪದ ಬಂತು. ಎಂಥ ಪದ ಅಂತೀರಿ! ನಾನು ಪ್ಲಗ್ಗು ಕೈಯಲ್ಲಿ ಹಿಡಿದುಕೊಂಡು ಗೋಡೆಗೊರಗಿ ಕೇಳಿದೆ. ಅವನ ರೆಕಾರ್ಡರಿನ ಪುಟ್ಟ ಕೆಂಪು ದೀಪ ನನ್ನ ಕಣ್ಣನ್ನೇ ಚುಚ್ಚುತ್ತಿತ್ತು.

ಮರುದಿನ ಕಾಲೇಜಿನಲ್ಲಿ ಅಧ್ಯಾಪಕರನ್ನೆಲ್ಲ ಕೂರಿಸಿಕೊಂಡು ಟೇಪು ಹಾಕಿದ. ಎಲ್ಲರೂ ತಲೆದೂಗುತ್ತಿದ್ದರು. ಪುಟ್ಟಮ್ಮ ಉಸಿರೆಳೆದುಕೊಳ್ಳುವ ಕಡೆ ಗಂಡಸಿನ ದನಿಯೊಂದು ಕೇಳಿಸಿತು: "ಇವ್ನ ಸೆಲ್ಲು ಎಕ್ಕುಟ್ಟೋಗ!"

ಮನಸ್ಸಿನಲ್ಲೇ ಅಂದುಕೊಂಡೆನೆಂದು ನಾನು ತಿಳಿದಿದ್ದೆ. ಎಲ್ಲರೂ ನನ್ನತ್ತ ತಿರುಗಿದರು. "ಅಳಿಸಿಬಿಡಯ್ಯಾ" ಎಂದು ಅಂಗಲಾಚಿದೆ. "ನಿನ್ನ ಅಳ್ಸಕ್ಕೆ ಓದ್ರೆ ಪದಾನೂ ಅಳ್ಸೋಯ್ತದೆ ಕಣಯ್ಯ, ಇರ್ಲಿ ಬುಡು" ಅಂದ.

ಆಮೇಲೆ ಪ್ರತಿ ವರ್ಷ ಹುಡುಗರಿಗೆ ಆ ಟೇಪು ಕೇಳಿಸುತ್ತಿದ್ದ. ಪ್ರತಿ ವರ್ಷ ನನ್ನ ಶಾಪಕ್ಕೂ ಚಪ್ಪಾಳೆ. ಮಾನ ಹೋದದ್ದು ಹೋಯಿತು, ಅದರ ಚಿಂತೆಯಿಲ್ಲ. ಆದರೆ ನನ್ನ ದನಿ ಅದೆಷ್ಟು ಸ್ವಚ್ಛವಾಗಿ ಬಂದಿತ್ತು! ಕರೆಂಟು ಕುಡಿದು ಸದಾ ಗುಂಯ್‌ಗುಡುವ ನನ್ನ ರೆಕಾರ್ಡರಿನಲ್ಲಿ ಒಂದು ದಿನವಾದರೂ ಹಾಗೆ ಬಂದದ್ದುಂಟೇ?