ಮಾವನ ಗಾಳಿ ಪುಸ್ತಕ

ನನ್ನ ಸೋದರಮಾವ ಗಾಳಿಗೂ ಜಾತಕ ಬರೆಯುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ, ನಾವೂ ನಕ್ಕವರೇ!

ಎಪ್ಪತ್ತರ ದಶಕದಲ್ಲಿ ಅವರು ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂದು ರೇಡಿಯೋ ಹೇಳಿದರೆ ಉಳಿದವರು ಸೌದೆ ಒಳಗಿಡುತ್ತಿದ್ದರು. ಮಾವ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಹಳೇ ಸೈಕಲ್ ಚಕ್ರದ ನಡುವಿನ ಹಬ್ಬಿಗೆ ನಾಲ್ಕು ತೆಂಗಿನ ಚಿಪ್ಪು ಕಟ್ಟಿ, ಕಂಬದ ಮೇಲೆ ಏರಿಸಿ, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತೆಂದು ಬರೆದಿಡುವುದು ಅವರ ಹುಚ್ಚು. ಗಾಳಿಯ ಬಗ್ಗೆ ಒಂದು ಸಾಲು. ಆ ಸಾಲಿನ ಬಗ್ಗೆ ಒಂದು ಪುಟ! ಅಳೆದವರು ಯಾರು, ಎಲ್ಲಿ ನಿಂತಿದ್ದರು, ಗಡಿಯಾರ ಯಾರದು, ಮಾತನ್ನು ಹದಿನಾರಾಣೆಯಲ್ಲಿ ಎಷ್ಟಾಣೆ ನಂಬಬಹುದು. 'ಒಂದು ಚಿಪ್ಪು ಒಡೆದು ಹೊಸದು ಕಟ್ಟಿದೆ. ಹೊಸದು ಚಿಕ್ಕದು. ಹಿಂದಿನ ಅಂಕಿಗಳ ಜೊತೆ ಹೋಲಿಸಬಾರದು' ಎಂಬ ಷರಾ ನಾನೇ ಓದಿದ್ದೇನೆ. ಹೋಲಿಸಲು ಯಾರು ತುದಿಗಾಲಲ್ಲಿ ನಿಂತಿದ್ದರೋ!

ಒಮ್ಮೆ ಅತ್ತೆ ಓಡಿ ಬಂದು, "ರೀ, ಗಾಳಿಗೆ ಸೀರೆ ಹಾರಿಹೋಯ್ತು!" ಎಂದರು.

"ಒಣಗಿತ್ತಾ, ಒದ್ದೆ ಇತ್ತಾ?"

"ಮೊದ್ಲು ಹುಡುಕಿ ಕೊಡಿ!"

ಸೀರೆ ಸಿಗಲಿಲ್ಲ. ಪುಸ್ತಕದಲ್ಲಿ ಮಾತ್ರ ಇದೆ: 'ನೂಲಿನ ಸೀರೆ, ಅರ್ಧ ಒದ್ದೆ. ಕಂಡವರು ನನ್ನ ಹೆಂಡತಿ. ಸಿಟ್ಟಿನಲ್ಲಿದ್ದರು. ನಂಬಿಕೆ ಹತ್ತಾಣೆ.' ಆರಾಣೆ ಹಿಡಿದುಕೊಂಡದ್ದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಎಸ್ಟೇಟಿನ ಸಾಹುಕಾರರು ಕೆಲಸದವರಿಗೆ ಹೊಸ ಲೈನ್ ಮನೆಗಳನ್ನು ಗುಡ್ಡದ ನೆತ್ತಿಯಲ್ಲಿ ಕಟ್ಟಿಸಲು ಹೊರಟರು. ಮಾವ ಪುಸ್ತಕ ಹಿಡಿದು ಬಂಗಲೆಗೆ ಹೋದರು. ರಜೆಗೆ ಬಂದಿದ್ದ ನಾನೂ ಹಿಂದೆಯೇ ಹೋದೆ.

"ಅಲ್ಲಿ ಬೇಡ ಸಾಹುಕಾರ್ರೆ. ಹನ್ನೆರಡು ವರ್ಷದಲ್ಲಿ ಮೂರು ಸಲ ಹೆಂಚು ಹಾರಿಸೋ ಗಾಳಿ ಬಂದಿದೆ."

"ಈ ವರ್ಷ ಬರ್ತದಾ?"

"ಗೊತ್ತಿಲ್ಲ."

"ಮುಂದಿನ ವರ್ಷ?"

"ಅದೂ ಗೊತ್ತಿಲ್ಲ. ಸಾಲಾಗಿ ಎರಡು ವರ್ಷ ಬಂದ್ರೂ ಬರ್ಬೋದು, ಹತ್ತು ವರ್ಷ ಬರ್ದೇನೂ ಇರ್ಬೋದು."

"ಇಷ್ಟು ಹೇಳೋಕೆ ಪುಸ್ತಕ ಬೇರೆ ಯಾಕ್ರೀ?" ಎಂದು ನಗುತ್ತಲೇ ಸಾಹುಕಾರರು ಪುಟ ತಿರುವಿದರು. ಆ ಮೂರು ಗಾಳಿಗಳಲ್ಲಿ ಒಂದರ ಪುಟದಲ್ಲಿ ಅವರ ಬೆರಳು ನಿಂತಿತು. 'ಈ ಗಾಳಿಯನ್ನು ನಾನು ಕಂಡಿಲ್ಲ. ಜೀಪ್ ರಿಪೇರಿಯ ಸಾಹೇಬರು ಹೇಳಿದ್ದು. ನಂಬಿಕೆ ಎಂಟಾಣೆ.'

"ಕಾಣದ್ದನ್ನ ಕಂಡಿಲ್ಲ ಅಂತ ಬರ್ದಿದೀರಿ. ಹಂಗಾದ್ರೆ ಉಳಿದ ಎರಡು ನಿಜ ಇರ್ಬೇಕು," ಎಂದರು. ಲೈನ್ ಮನೆಗಳು ಗುಡ್ಡದ ಮರೆಯಲ್ಲಿ ಎದ್ದವು.

ಮೂರನೇ ವರ್ಷ, ನಾನು ಮತ್ತೆ ರಜೆಗೆ ಬಂದಿದ್ದಾಗ ಆ ಗಾಳಿ ಬಂತು, ಹಾಡುಹಗಲೇ. ನೆತ್ತಿಯ ಸಿಲ್ವರ್ ಓಕುಗಳು ಒಂದರ ಮೇಲೊಂದು ಮಲಗಿದವು. ಮಾವ ಕೊಡೆ, ಚಪ್ಪಲಿ ಯಾವುದೂ ಇಲ್ಲದೆ ಲೈನಿನ ಕಡೆಗೆ ಓಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಸಂಜೆ ಗಾಳಿ ನಿಂತ ಮೇಲೆ ಬಂದು ಪುಸ್ತಕ ತೆರೆದರು. ತಾರೀಖು ಬರೆದು ಪೆನ್ಸಿಲ್ ಕೆಳಗಿಟ್ಟರು.

"ಮಾವ, ಇಷ್ಟು ವರ್ಷ ಕಾದಿದ್ದು ಇಂಥ ಗಾಳಿಗೇ ಅಲ್ವ? ಎಷ್ಟು ಸುತ್ತು ತಿರುಗ್ತು?"

"ನೋಡ್ಲಿಲ್ಲ ಮಾರಾಯ್ತಿ," ಎಂದರು. "ಲೈನಿನ ಮಕ್ಳನ್ನ ಎಣಿಸ್ತಾ ಇದ್ದೆ. ನಾಲ್ಕು ಸಲ ಎಣಿಸ್ದೆ. ಎಲ್ಲಾ ಇದಾವೆ."