ಪೈಪಿನ ಸುರುಳಿ ಹಿಂದಿನ ಬಾಟ್ಲಿ

ಉಳಿದವರು ವೈನ್ ಕುಡದ್ರ ಸುಮ್ಮನ ಉಂಡು ಮಲಗ್ತಾರ. ನಾ ಒಂದ ಗ್ಲಾಸ್ ಕುಡೀಬೇಕಂದ್ರ ಊರಿಗೆ ಊರ ಎದ್ದು ಕುಂದರ್ತೈತಿ. ನನಗ ಯಾಕ ಹಿಂಗ ಆಗ್ತೈತೋ ಆ ದೇವರಿಗೇ ಗೊತ್ತು. ಆಗೂದಂತೂ ಇನ್ನೂ ನಿಂತಿಲ್ಲ!

ಇಂಡಿ ಊರಾಗ ನಂದೊಂದು ಡ್ರಿಪ್ ಪೈಪಿನ ಅಂಗಡಿ ಐತಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಬೈಕ್ ಮ್ಯಾಲೆ ತೋಟ ತೋಟ ಅಡ್ಡಾಡಿ ಪೈಪ್ ಹಾಕಸ್ತೇನಿ. ತಾಂಬಾ ಊರಾಗ ನನ್ನ ಹಳೇ ಗಿರಾಕಿ ಒಬ್ಬ ಅದಾನ. ತಾನು ಬೆಳದ ದ್ರಾಕ್ಷಿ ವೈನ್ ಫ್ಯಾಕ್ಟರಿಗೆ ಕೊಡ್ತಾನ. ಒಂದಿನ ಆತ ತೋಟದಾಗ ಕುಂದ್ರಿಸಿ ಒಂದ ಗ್ಲಾಸ್ ಕೆಂಪು ವೈನ್ ಕೈಯಾಗ ಕೊಟ್ಟ. ನಾ ಬಾಯಾರಿದವ, ಗಟಗಟ ಕುಡದೆ.

"ಥೂ! ಏನೋ ಇದು, ಹುಳಿ, ಒಗರು! ದುಡ್ಡು ಕೊಟ್ಟು ಇದನ್ನ ಕುಡೀತಾರೇನೋ?" ಅಂದೆ.

"ಲೇ, ಅದು ನೀರಲ್ಲ. ರೊಟ್ಟಿ ಮುರಿ, ಎಣ್ಣಿಗಾಯಿ ಹಚ್ಚಿ ಒಂದ ತುತ್ತು ಉಣ್ಣು. ಆಮ್ಯಾಲೆ ಒಂದ ಗುಟುಕು ಬಾಯಾಗ ಇಟ್ಕೊ, ನುಂಗಬ್ಯಾಡ. ಅದೇನ್ ಹೇಳ್ತೈತಿ ಕೇಳು" ಅಂದ.

ಕೇಳಿದೆ. ಅಬ್ಬಬ್ಬಬ್ಬಾ! ಬದನಿಕಾಯಿ ಖಾರ, ಶೇಂಗಾದ ಜಿಡ್ಡು, ಅದರ ಮ್ಯಾಲೆ ಆ ಒಗರು ಹೋಗಿ ಕೂತ್ಕೊಂಡ್ಮ್ಯಾಲೆ, ನೇರಳೆ ಹಣ್ಣು ತಿಂದಂಗ ನಾಲಿಗಿ ಎಲ್ಲಾ ಜುಮ್ ಅಂತು. ನಲವತ್ತು ದಾಟಿದ ಮ್ಯಾಲೆ ಎಣ್ಣಿಗಾಯಿ ರುಚಿ ಹೊಸದಾಗಿ ಗೊತ್ತಾತು ನೋಡ್ರಿ! ಅವತ್ತಿಂದ ನನಗ ಹುಚ್ಚು ಹಿಡೀತು. ಉಣ್ಣುವಾಗ ಒಂದ ಗ್ಲಾಸ್, ಅಷ್ಟ. ಎರಡನೇದು ನಾ ಕೇಳಿದವನಲ್ಲ.

ಆದ್ರ ಮನ್ಯಾಗ ಅವ್ವ ಅದಾಳ. ಅವ್ವಗ ವೈನ್, ಬ್ರಾಂದಿ, ಭಟ್ಟಿ ಸಾರಾಯಿ ಎಲ್ಲಾ ಒಂದ, ಎಲ್ಲಾ ಸೆರೆ. "ಈ ಮನ್ಯಾಗ ಸೆರೆ ಬಂದ ದಿನ ನಾ ಮಗಳ ಮನಿಗೆ ಹೊಕ್ಕೇನಿ, ಹೊಳ್ಳಿ ಬರಂಗಿಲ್ಲ" ಅಂತ ಹಿಂದಿಂದಲೂ ಹೇಳಿ ಇಟ್ಟಾಳ. ಆಕಿ ಮಾತಂದ್ರ ಮಾತು. ಸೋದರತ್ತಿ ಜೋಡಿ ಒಮ್ಮೆ ಚಹಾದ ವಿಷಯಕ್ಕ ಮುನಿಸ್ಕೊಂಡಾಕಿ, ಇವತ್ತಿನ ತನಕ ಆ ಮನಿ ಚಹಾ ಮುಟ್ಟಿಲ್ಲ. ಅವ್ವ ಇಲ್ಲದ ಮನಿ ನನಗ ಬ್ಯಾಡ, ವೈನ್ ಇಲ್ಲದ ಎಣ್ಣಿಗಾಯಿನೂ ಬ್ಯಾಡ. ಅದಕ್ಕ ಬಾಟ್ಲಿ ಅಂಗಡ್ಯಾಗ ಪೈಪಿನ ಸುರುಳಿ ಹಿಂದ ಇಟ್ಟೆ.

ಸಿಂದಗಿಯ ಬಾಣಂತಿ

ತಾಂಬಾದವ ಕೊಟ್ಟದ್ದು ತೀರಿತು. ಸಿಂದಗ್ಯಾಗ ಬಸ್ ಸ್ಟ್ಯಾಂಡಿನ ಹತ್ತಿರ 'ವೈನ್ಸ್' ಅಂತ ಇಷ್ಟ ದೊಡ್ಡ ಬೋರ್ಡ್ ಕಂಡಿತು. ಖುಷಿಲೆ ಒಳಗ ಹೋದೆ.

"ವೈನ್ ಕೊಡ್ರಿ."

ಅಂಗಡಿಯಾವ ನನ್ನ ಮಾರಿ ನೋಡಿದ. "ಅದೊಂದಿಲ್ರಿ. ಉಳಿದದ್ದೆಲ್ಲಾ ಐತಿ."

"ಹೊರಗ ಬೋರ್ಡ್ ಹಾಕೀರಲ್ರಿ?"

"ಬೋರ್ಡ್ ಓದಿ ಯಾರೂ ಬರಂಗಿಲ್ರಿ ಇಲ್ಲಿ. ಓದಿ ಬಂದವರು ನೀವ ಮೊದಲನೇದವ್ರು" ಅಂದ. ಆದ್ರೂ ಗಿರಾಕಿ ಬಿಡಬಾರದು ಅಂತ ಗ್ವಾಡಿ ಮಾಡದ ಮೂಲ್ಯಾಗಿಂದ ಧೂಳು ಹಿಡಿದ ಒಂದ ಬಾಟ್ಲಿ ತಗದ. ಅಂಗೀಲೆ ಒರಸ್ಕೋತ, ಊರಿಗೆಲ್ಲಾ ಕೇಳೂಹಂಗ, "ಮನ್ಯಾಗ ಬಾಣಂತಿ ಅದಾರೇನ್ರಿ?" ಅಂದ. ನಮ್ಮ ಕಡೆ ವೈನ್ ಅಂದ್ರ ಬಾಣಂತಿಗೆ ಮೈ ತುಂಬಾಕ ಕುಡಸೂ ಔಷಧ ಅಂತ ಭಾಳ ಮಂದಿ ತಿಳದಾರ.

ಹಿಂದ ತಿರಗಿ ನೋಡಿದ್ರ ನಮ್ಮ ಓಣಿ ಬಾಂಡೆ ಅಂಗಡಿಯಾವ ನಿಂತಾನ! ಅವ ಯಾಕ ಬಂದಿದ್ದ ಅಂತ ನಾ ಕೇಳಲಿಲ್ಲ. ನನಗ ಗಾಬರಿ, ಬಾಯಿಗೆ ಬಂದದ್ದು, "ಹೌದ್ರಿ, ಬಾಣಂತಿಗೆ."

ಅಷ್ಟ ಸಾಕಾತು. ನನ್ನ ಬೈಕಿಗಿಂತ ಅವನ ಫೋನ್ ಜೋರು. ಇಂಡಿ ಮುಟ್ಟೂದ್ರಾಗ ಓಣ್ಯಾಗ ಮೂರು ಮಂದಿ ಕೈ ಕುಲುಕಿದ್ರು. "ಈ ವಯಸ್ಸಿನ್ಯಾಗ! ಭಪ್ಪರೇ!" ಅಂದ್ರು. ಮನಿ ಮುಂದ ಎರಡು ಮುದುಕ್ಯಾರು ಬಾಣಂತಿಗೆ ಅಂತ ಕೊಬ್ಬರಿ, ಅಳವಿ ಬೀಜ ತಗೊಂಡು ಬಂದು ಕುಂತಿದ್ರು. ಬಾಗಿಲದಾಗ ನಮ್ಮಾಕಿ ನಡದ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ಲು. ಆಕಿಗೆ ಬಾಟ್ಲಿ ವಿಷಯ ಎಲ್ಲಾ ಗೊತ್ತು, ಅವ್ವಗ ಹೇಳಿರಲಿಲ್ಲ ಅಷ್ಟ. ಪುಣ್ಯಾಕ್ಕ ಅವ್ವ ಅವತ್ತ ಹೊಲಕ್ಕ ಹೋಗಿದ್ಲು.

"ಬರ್ರಿ ಬರ್ರಿ" ಅಂದ್ಲು. "ನಂದು ಬಾಣಂತನ ಆಗೇತಂತ. ಗಂಡೋ ಹೆಣ್ಣೋ, ಅದನ್ನರ ಹೇಳ್ರಿ!"

ಬಾಗೇವಾಡಿಯ ಪಂಕ್ಚರ್

ಬಸವನ ಬಾಗೇವಾಡ್ಯಾಗ ಒಬ್ಬ ತೋಟದ ಮಾಲಕ ಪೈಪಿನ ಕೆಲಸ ಛಂದ ಆತು ಅಂತ ಒಂದ ಬಾಟ್ಲಿ ಉಡುಗೊರಿ ಕೊಟ್ಟ. ಹಿಂದಿನವಕ್ಕೆಲ್ಲಾ ತಿರುವೂ ಮುಚ್ಚಳ, ಇದಕ್ಕ ಬೆಂಡಿನ ಬಿರಡಿ, ಗಪ್ಪನ ಕೂತೈತಿ! ತಗಿಯೂ ಸಾಮಾನು ನನ್ನ ಹತ್ರ ಎಲ್ಲಿಂದ ಬರಬೇಕು? ಹಲ್ಲೀಲೆ ನೋಡಿದೆ, ಸ್ಕ್ರೂ ಡ್ರೈವರಲೆ ನೋಡಿದೆ, ಬಿರಡಿ ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನದ ಬುತ್ತಿ ಹೊಟ್ಟಿಗೆ ಕರ್ಯಾಕತ್ತಿತ್ತು. ಕಡೀಕ ಪಂಕ್ಚರ್ ಅಂಗಡಿ ಕಂಡಿತು.

ಪಂಕ್ಚರಿನಾವ ಬಾಟ್ಲಿ ಹೊಳ್ಳಿಸಿ ಹೊಳ್ಳಿಸಿ ನೋಡಿ, "ಟ್ಯೂಬ್‌ಲೆಸ್ ಐತ್ರಿ ಇದು" ಅಂದ. ದಬ್ಬಣ ತಗೊಂಡು ಬಿರಡಿಗೆ ತೂತು ಹಾಕಿದ, ಫುಟ್‌ಬಾಲಿಗೆ ಗಾಳಿ ತುಂಬೂ ಸೂಜಿ ಇಳಿಸಿದ. "ಗಟ್ಟಿ ಹಿಡೀರಿ" ಅಂತ ಹೇಳಿ ಕೈಪಂಪ್ ಒತ್ತಾಕ ಶುರು ಮಾಡಿದ. ನಾ ಬಾಟ್ಲಿ ಎದಿಗೆ ಅವಚಿ ಹಿಡದೆ. ಸುತ್ತ ಮಂದಿ ಕೂಡಿದ್ರು.

ಢಂ!

ಬಿರಡಿ ಹಾರಿ ಮ್ಯಾಲಿನ ಪತ್ರಾಸ್ ತಗಡಿಗೆ ಬಡೀತು. ಅರ್ಧ ವೈನ್ ನನ್ನ ಬಿಳಿ ಅಂಗಿ ಮ್ಯಾಲೆ. ಸಪ್ಪಳಕ್ಕ ಓಡಿ ಬಂದವರಿಗೆ ಕಂಡದ್ದು ಎದಿ ತುಂಬ ಕೆಂಪು, ನೆಲಕ್ಕ ಕುಂತ ನಾನು. "ಅಯ್ಯಯ್ಯೋ, ಟೈರ್ ಸಿಡಿದು ಎದಿಗೆ ಬಡದೈತ್ರೋ!" ಅಂತ ಒಬ್ಬ ಚೀರಿದ. "ಏನೂ ಆಗಿಲ್ರಪ್ಪಾ, ಬಿಡ್ರಿ" ಅಂದ್ರ, "ಮಾತಾಡ್ಸಬ್ಯಾಡ್ರಿ, ರಕ್ತ ಭಾಳ ಹೋಗೇತಿ" ಅಂತ ನಾಲ್ಕು ಮಂದಿ ಎತ್ತಿ ಆಟೋದಾಗ ಒಗದು ದವಾಖಾನಿಗೆ ಒಯ್ದ್ರು.

ನರ್ಸಬಾಯಿ ಅಂಗಿ ಬಿಚ್ಚಿ ಹುಡಿಕಿದ್ಲು. ಎಲ್ಲೂ ಗಾಯ ಸಿಗಲಿಲ್ಲ. ಬಗ್ಗಿ ಮೂಸಿದ್ಲು. "ಈ ಪೇಶಂಟಿಗೆ ರಕ್ತ ಕೊಡೂದು ಬ್ಯಾಡ್ರಿ" ಅಂದ್ಲು, "ಇವರ ಹತ್ರಾನ ಒಂದ ಬಾಟ್ಲಿ ಇಸ್ಕೋಬಹುದು."

ಅಷ್ಟ್ರಾಗ ಪಂಕ್ಚರಿನಾವ ಏದುಸಿರು ಬಿಡ್ಕೋತ ಬಂದ. ಕೈಯಾಗ ಬಾಟ್ಲಿ. "ಸಾಹೇಬ್ರ, ಗಾಬರಿ ಆಗಬ್ಯಾಡ್ರಿ, ಅರ್ಧ ಉಳದೈತಿ. ನೀರಿನ ಬುಟ್ಟ್ಯಾಗ ಅದ್ದಿ ನೋಡೇನಿ, ಎಲ್ಲೂ ಲೀಕ್ ಇಲ್ಲ!"

ಮುದ್ದೇಬಿಹಾಳದಾಗ ಮೂಗು ಕಲ್ತದ್ದು

ಬಾಗೇವಾಡ್ಯಾಗ ಹೊಸಾ ಅಂಗಿ ತಗೊಂಡು ಹಾಕ್ಕೊಂಡು ಮನಿಗೆ ಬಂದೆ. ಅವ್ವ, "ಹ್ವಾದ ಅಂಗಿ ಬ್ಯಾರೆ, ಬಂದ ಅಂಗಿ ಬ್ಯಾರೆ" ಅಂದು ರೊಟ್ಟಿ ಬಡ್ಯಾಕ ಹೋದ್ಲು. ಆಕಿ ಬಯ್ಯದ ಹೋದ್ರ ನನಗ ಹೆಚ್ಚಿನ ಅಂಜಿಕಿ.

ವೈನ್ ತಿಳಿಬೇಕಂದ್ರ ಮೊದಲ ಮೂಗು ತಿಳಿಬೇಕು ಅಂತ ತಾಂಬಾದವ ಹೇಳಿದ್ದ. ನನಗ ಎಷ್ಟು ಮೂಸಿದ್ರೂ ಒಂದ ವಾಸ್ನಿ, ವೈನಿಂದು. ಮುದ್ದೇಬಿಹಾಳದಾಗ ಅತ್ತರ ಮಾರೂ ಚಾಚಾ ಒಬ್ಬರು ನನಗ ಭಾಳ ವರ್ಷದ ಪರಿಚಯ. ಅವರ ಹತ್ರ ಹೋಗಿ, "ಚಾಚಾ, ನನಗ ವೈನ್ ಮೂಸೂದು ಕಲಸ್ರಿ" ಅಂದೆ.

"ತೋಬಾ ತೋಬಾ!" ಅಂತ ಕಿವಿ ಮುಟ್ಕೊಂಡ್ರು. "ಅದರ ಸುದ್ದಿ ನಮಗ ಬ್ಯಾಡಪ್ಪಾ. ಮೂಗಿನ ಇಲ್ಮ್, ಮೂಗಿನ ವಿದ್ಯಾ ಬೇಕಾದ್ರ ಅತ್ತರ ಮ್ಯಾಲೆ ಕಲಸ್ತೇನಿ" ಅಂತ ಮುಂಗೈಗೆ ಒಂದ ಹನಿ ಹಚ್ಚಿದ್ರು. "ಗಬಕ್ಕನ ಮೂಸಬ್ಯಾಡ. ಮೊದಲ ಬರೂ ವಾಸ್ನಿ ಬಾಗಿಲದಾಗ ಸಲಾಮ್ ಹೇಳಿ ಹೋಗೂದು. ತಡಿ. ಆಮ್ಯಾಲೆ ಬಂದದ್ದು ಮನ್ಯಾನ ಮಂದಿ."

ಎಂಥಾ ಮಾತು! ಅವತ್ತ ರಾತ್ರಿ ವೈನ್ ಮೂಸಿದ್ರ ನೇರಳೆ ಸಿಕ್ಕಿತು, ಮೆಣಸು ಸಿಕ್ಕಿತು, ಗಾಣದ ಹತ್ರ ಬೆಲ್ಲ ಕುದಿಯೂ ವಾಸ್ನಿ ಸಿಕ್ಕಿತು. ಅಂಗಡಿ ಗೋಡೌನಿನ್ಯಾಗ ಒಬ್ಬನ ಕುಣದೆ.

ತೊಂದ್ರಿ ಆದದ್ದು ಎರಡು. ಒಂದು, ಚಾಚಾನ ಅಂಗಡಿ ಬಾಜೂಕ ಚಹಾ ಕುಡ್ಯಾಕತ್ತಿದ್ದ ನಮ್ಮ ಮಾಮಾ, ಅಂದ್ರ ಅಕ್ಕನ ಗಂಡ, ನನ್ನ ಮಾತು ಕೇಳಿಸ್ಕೊಂಡಿದ್ದ. ಮಾಮಾ ಹೈಸ್ಕೂಲ್ ಮಾಸ್ತರ. ಮದುವಿ ಇರಲಿ, ತೊಟ್ಟಿಲ ಇರಲಿ, ಮೈಕ್ ಸಿಕ್ರ ಕುಡಿತದಿಂದ ಆಗೂ ಹಾನಿ ಮ್ಯಾಲೆ ಭಾಷಣ ಮಾಡಾವ.

ಎರಡನೇದು, ಮೂಸೂ ಚಟ ಮನಿ ತನಕ ಬಂತು. ಅವ್ವ ಸಾರು ನೀಡಿದ್ಲು. ನಾ ತಾಟು ಎತ್ತಿ, ಕಣ್ಣು ಮುಚ್ಚಿ, ಮೂಸಿ, ತಡದು, ಮತ್ತ ಮೂಸಿ, "ಅವ್ವ, ಮೊದಲ ಬಳ್ಳೊಳ್ಳಿ ಬಂತು. ಹಿಂದ ಒಂದ ಸ್ವಲ್ಪ ಹೊಗಿ ಐತಿ" ಅಂದೆ.

ಅವ್ವ ಸೌಟು ಕೆಳಗ ಇಟ್ಲು. "ನಾಯಿನೂ ಮೂಸೇ ತಿಂತೈತಿ. ಆದ್ರ ಅದು ಮಾಡಿದಾಕಿಗೆ ಹೆಸರು ಇಡಂಗಿಲ್ಲ!"

ಎಳ್ಳಮಾಸಿ ತೀರ್ಥ

ಎಳ್ಳಮಾಸಿ, ಅಂದ್ರ ಎಳ್ಳ ಅಮವಾಸ್ಯೆ ದಿನ ಮನಿ ಮಂದಿ ಎಲ್ಲಾ ಬುತ್ತಿ ಕಟಗೊಂಡು ಹೊಲಕ್ಕ ಹೋಗಿ, ಭೂಮ್ತಾಯಿಗೆ ಚರಗ ಚೆಲ್ಲಿ, ಅಲ್ಲೇ ಉಣ್ಣೂದು ನಮ್ಮ ಪದ್ಧತಿ. ಸಜ್ಜಿ ಕಡಬು, ಭಜ್ಜಿಪಲ್ಲೆ, ಎಣ್ಣಿಗಾಯಿ, ಶೇಂಗಾ ಹೋಳಿಗಿ, ಖಡಕ್ ರೊಟ್ಟಿ! ವರ್ಷದ ಈ ಒಂದ ಊಟಕ್ಕ ಒಂದ ಗ್ಲಾಸ್ ಒಳ್ಳೇ ವೈನ್ ಬೇಕ ಬೇಕು ಅಂತ ಸಂಕಲ್ಪ ಮಾಡಿದ್ದೆ. ತಾಂಬಾದವ ಕೊಟ್ಟ ಎಲ್ಲಾಕಿಂತ ಚಲೋ ಬಾಟ್ಲಿ ಹಾಲಿನ ಸಣ್ಣ ಕ್ಯಾನಿಗೆ ಸುರುವಿ, ಟ್ರ್ಯಾಕ್ಟರಿನ್ಯಾಗ ಜ್ವಾಳದ ಕಣಕಿ ಕೆಳಗ ಮುಚ್ಚಿಟ್ಟೆ. ಉಣ್ಣುವಾಗ ಬಣವಿ ಹಿಂದ ಹೋಗಿ ಎರಡು ಗುಟುಕು ಅಂತ ಲೆಕ್ಕ.

ಅಗರಖೇಡದ ಕಡೆ ನಮ್ಮ ಹೊಲ. ಮುದ್ದೇಬಿಹಾಳದಿಂದ ಅಕ್ಕ, ಮಾಮಾ ಬಂದ್ರು. ಮಾಮಾ ನನ್ನ ಬಾಜೂಕ ಕರದು, "ಎಲ್ಲಾ ಗೊತ್ತಾಗೇತಿ. ಇವತ್ತ ಉಂಡ ಮ್ಯಾಲೆ ಅತ್ತಿಯವರಿಗೆ ಹೇಳಿ, ನಮ್ಮ ಜೋಡಿ ಕರಕೊಂಡು ಹೋಗಾವ. ನಿಮ್ಮಕ್ಕ ಅವರ ಸೀರಿ ಕಟ್ಟಿ ಇಟ್ಟಾಳ" ಅಂದ. ಟ್ರ್ಯಾಕ್ಟರ್ ಕಡೆ ನೋಡಿದ್ರ ಅವ್ವನ ಬ್ಯಾಗ್ ಕುಂತಿತ್ತು. ಅಳು ಬರೂದಷ್ಟ ಬಾಕಿ. ಊಟ ಬ್ಯಾಡ, ವೈನ್ ಬ್ಯಾಡ, ಅವ್ವ ಇದ್ರ ಸಾಕು ಅನಿಸಿತು. ಕ್ಯಾನ್ ತಗದು ಚೆಲ್ಲಿಬಿಡಬೇಕು ಅಂತ ತಿರಗಿದ್ರ, ಕ್ಯಾನ್ ಅವ್ವನ ಕೈಯಾಗ!

"ಏನೋ ಇದು?"

"ದ್... ದ್ರಾಕ್ಷಿ ರಸ ಅವ್ವ. ತಾಂಬಾದ ತೋಟದ್ದು." ಸುಳ್ಳೇನ ಹೇಳಿದ್ನಿ?

ಅವ್ವ ಮುಚ್ಚಳ ತಗದು ಒಳಗ ಬಗ್ಗಿ ನೋಡಿದ್ಲು. "ಮೊದಲ ಭೂಮ್ತಾಯಿಗೆ, ಆಮ್ಯಾಲೆ ನಮಗ" ಅಂದ್ಲು. ಚರಗ ಚೆಲ್ಲೂವಾಗ ಒಬ್ಬ ಮುಂದ ಅಡಿಗಿ ಚೆಲ್ತಾನ, ಇನ್ನೊಬ್ಬ ಹಿಂದ ನೀರು ಚಿಮುಕಸ್ತಾನ. ಅವ್ವ ಬುಟ್ಟಿ ನನಗ ಕೊಟ್ಲು, ಕ್ಯಾನ್ ಮಾಮಾಗ ಕೊಟ್ಲು. "ಅಳಿಯಂದ್ರ, ಈ ಸಲ ನೀರು ಬ್ಯಾಡ್ರಿ, ಇದನ್ನ ಚಿಮುಕಸ್ರಿ."

ಹೊಂಟಿವಿ. ಬಿಳಿಜ್ವಾಳದ ನಡುವ ಮುಂದ ನಾ "ಹುಲ್ಲುಲ್ಲಿಗೋ" ಅಂತ ಚರಗದ ಕೂಗು ಹಾಕ್ಕೋತ, ಹಿಂದ ಪಾನ ನಿಷೇಧದ ಮಾಸ್ತರ ವೈನ್ ಚಿಮುಕಿಸ್ಕೋತ! ಅರ್ಧ ಹೊಲ ಮುಗಿಯೂದ್ರಾಗ ಹಿಂದ ಚಿಮುಕಸೂ ಸಪ್ಪಳ ನಿಂತು ಹೋತು. ತಿರಗಿ ನೋಡಿದ್ರ ಮಾಮಾ ಕ್ಯಾನಿನ ಬಾಯಿಗೆ ಮೂಗು ಹಿಡದಿದ್ದ. ನನ್ನ ನೋಡಿದ. ನಾ ದೇವರ ಕಡೆ ನೋಡಿದೆ. ಮಾಮಾ ಮತ್ತ ಚಿಮುಕಿಸ್ಕೋತ ನಡದ.

ಹೊಳ್ಳಿ ಬಂದ ಮ್ಯಾಲೆ ಅವ್ವ ಕ್ಯಾನ್ ಇಸ್ಕೊಂಡ್ಲು. ಮನಿ ಹುಡುಗೂರೆಲ್ಲಾ ಹಣ್ಣು ಆರಸಾಕ ಬೋರಿ ಗಿಡದ ಕಡೆ ಓಡಿದ್ರು. "ತಾಯಿಗೆ ಮುಟ್ಟಿದ್ದು ಪ್ರಸಾದ. ಬ್ಯಾಡ ಅನಬಾರದು. ಅಳಿಯಂದ್ರ, ಮೊದಲ ನೀವು" ಅಂತ ಮಾಮಾನ ಬೊಗಸಿಗೆ ಸುರುವಿದ್ಲು.

ಮಾಮಾ ಕುಡದ. ನನ್ನ ಜೀವ ಹೋತು. ಮಾಮಾ ಬಾಯಿ ತಗದ, "ಅತ್ತಿ, ಇದು... ಇದು ವೈ..."

ಅಕ್ಕ ಥಟ್ಟನ ತಿರಗಿದ್ಲು. "ಇದು ಏನ್ರೀ? ನಿಮಗ ರುಚಿ ಹೆಂಗ ಗೊತ್ತಾತು?"

ಮಾಮಾನ ಮಾರಿ ವೈನಿಗಿಂತ ಕೆಂಪಾತು. ಅಕ್ಕನ ನೋಡಿದ, ಅವ್ವನ ನೋಡಿದ, ನನ್ನ ನೋಡಿದ. "ಇದು... ವೈಭೋಗ ಐತ್ರಿ ಅತ್ತಿ, ಭಾಳ ಚಲೋ ಐತಿ!" ಅಂದವನ, ತನಗ ಗೊತ್ತಿಲ್ಲದಂಗ ಬೊಗಸಿ ಮತ್ತ ಮುಂದ ಚಾಚಿದ.

ಅವ್ವ ಅವನ ಬೊಗಸಿ ನೋಡಿದ್ಲು. ತನ್ನ ಅಂಗೈಗೆ ಒಂದಿಷ್ಟು ಸುರುವ್ಕೊಂಡು, ಮೂಗಿನ ಹತ್ರ ತಗೊಂಡು, ಕಣ್ಣು ಮುಚ್ಚಿ, ತಡದು, ಥೇಟ್ ನಾ ಮಾಡಿದಂಗ ಮೂಸಿದ್ಲು. "ಮೂಗು ನಿನಗೊಬ್ಬನಿಗೇ ಐತಿ ಅಂತ ತಿಳದಿಯೇನಲೇ? ಅಂಗಿ ಬದಲ್ಸಿದ ದಿನಾನ ಗೊತ್ತಾಗೇತಿ ನನಗ" ಅಂದ್ಲು.

ನಾ ಕಾಲಿಗೆ ಬಿದ್ದೆ. "ಅವ್ವ, ನೀ ಮಾತ್ರ ಹೋಗಬ್ಯಾಡ!"

"ಎಲ್ಲಿಗೆ ಹೋಗಲೋ ಮೂಳಾ?" ಅಂತ ಅವ್ವ ಟ್ರ್ಯಾಕ್ಟರಿನಿಂದ ಬ್ಯಾಗ್ ಇಳಸಾಕ ನಮ್ಮಾಕಿಗೆ ಕಣ್ಣು ಮಾಡಿದ್ಲು. "ಇಲ್ಲಿ ಸೆರೆ ಬಂದ್ರ ಮಗಳ ಮನಿಗೆ ಹೊಕ್ಕೇನಿ ಅಂದಿದ್ದೆ. ಅಲ್ಲಿ ಅದು ಇಲ್ಲಿಗಿಂತ ಮೊದಲ ಬಂದಂಗ ಕಾಣ್ತೈತಿ!"